ಓರೆ ಠಸ್ಸೆ

ತ್ಸುಬಾಮೆಯಲ್ಲಿ ಚಮಚ ಮಾಡುವ ಕಂಪನಿ ನಮ್ಮದು.
ಸಿಬ್ಬಂದಿ ವಿಭಾಗದ ಕೊನೆಯ ಮೇಜು,
ಹೆಸರು ಒರಿಹಾರಾ ಚಿಜು.

ಸೇರಿದ ವಾರ ಕುವಾಬಾರಾ ಸಾನ್ ಕಲಿಸಿದ್ದು
ಸಂಬಳದ ಲೆಕ್ಕವಲ್ಲ, ರಜೆಯ ನಿಯಮವಲ್ಲ,
ಠಸ್ಸೆ ಒತ್ತುವ ಕೋನ.
ಕಾಗದದ ತಲೆಯಲ್ಲಿ ಆರು ಚೌಕ.
ಬಲತುದಿ ನನ್ನದು, ಎಡತುದಿ ಅಧ್ಯಕ್ಷರದು,
ನಡುವೆ ಇಡೀ ಕಂಪನಿ.
"ನೆಟ್ಟಗೆ ಒತ್ತಬೇಡಮ್ಮ. ಎಡಕ್ಕೆ ತುಸು ವಾಲಿಸು,
ನಿನ್ನ ಹೆಸರು ಮೇಲಿನವರ ಹೆಸರಿಗೆ
ನಮಸ್ಕಾರ ಹೇಳಿದ ಹಾಗಿರಲಿ."

ಎಷ್ಟು ವಾಲಿಸಬೇಕು?
ಯಾವ ಕೈಪಿಡಿಯಲ್ಲೂ ಇಲ್ಲ.
ಗಡಿಯಾರದ ಹನ್ನೆರಡಕ್ಕೂ ಹನ್ನೊಂದಕ್ಕೂ ನಡುವೆ ಎಲ್ಲೋ.
ಹೆಚ್ಚಾದರೆ ಅಣಕ, ಕಮ್ಮಿಯಾದರೆ ಸೊಕ್ಕು.
ಹಳೆಯ ಕಡತ ಬಿಚ್ಚಿದರೆ ಸಾಲು ಸಾಲು ಕೆಂಪು ಹೆಸರು
ಒಂದೇ ಕಡೆ ಬಾಗಿದ ಭತ್ತದ ಪೈರು.
ಬಲದಿಂದ ಗಾಳಿ ಎಂದುಕೊಂಡೀರಿ.
ಗಾಳಿಯಲ್ಲ, ಎಡದಿಂದ ಎಳೆತ.
ಅಧ್ಯಕ್ಷರ ಠಸ್ಸೆಯೊಂದು ನೆಟ್ಟಗೆ.
ಅವರ ಎಡಕ್ಕೆ ಚೌಕವಿಲ್ಲ,
ಬರೀ ಕಾಗದದ ಅಂಚು.

ಫೆಬ್ರವರಿಯಲ್ಲಿ, ಹಿಮ ಕಿಟಕಿಯ ಮೊಣಕಾಲಿಗೆ ಬಂದಾಗ,
ನಾನೇ ಬರೆದೆ:
ಮೆರುಗು ವಿಭಾಗ ರದ್ದು. ಜನ ಹನ್ನೊಂದು.
ನಾಲ್ವರು ಪ್ಯಾಕಿಂಗಿಗೆ, ಇಬ್ಬರು ಗೋದಾಮಿಗೆ,
ಐವರಿಗೆ 'ಎರಡನೆಯ ಬದುಕು'.
(ಆ ಹೆಸರಿಟ್ಟಿದ್ದು ತೋಕಿಯೋದ ಸಲಹೆಗಾರರು,
ಅದಕ್ಕೂ ಬಿಲ್ಲು ಬಂದಿತ್ತು.)
ಹೊಸ ನಕ್ಷೆಯಲ್ಲಿ ಒಂದು ಪೆಟ್ಟಿಗೆ ಅಳಿಸಿ
ಅಕ್ಕಪಕ್ಕದವನ್ನು ಒತ್ತರಿಸಿ ಕೂರಿಸಿದೆ,
ಹಲ್ಲು ಬಿದ್ದದ್ದು ನಗುವಾಗ ಕಾಣದ ಹಾಗೆ.

ಮೂರನೆಯ ಚೌಕ ಆ ವಿಭಾಗದ ಮುಖ್ಯಸ್ಥರದು.
ನಿಯಮ. ತನ್ನ ಪೆಟ್ಟಿಗೆ ಅಳಿಸಲು
ತನ್ನದೇ ಠಸ್ಸೆ.

ಮುನಾಕಾತಾ ಸಾನ್.
ಮೂವತ್ತನಾಲ್ಕು ವರ್ಷ ಚಕ್ರದ ಮುಂದೆ,
ಉಗುರಿನ ಕಪ್ಪು ಮದುವೆಯ ಫೋಟೋದಲ್ಲೂ ಇದೆಯಂತೆ.
ಯಂತ್ರದ ಅಳತೆ ನಂಬುವವರಲ್ಲ.
ಚಮಚದ ಗುಳಿಯಲ್ಲಿ ಮುಖ ನೋಡಿಕೊಳ್ಳುತ್ತಾರೆ.
ಮುಖ ತಲೆಕೆಳಗೆ ನಿಲ್ಲಬೇಕು,
ಮೂಗು ಸೊಟ್ಟಗಾಗದೆ, ಹುಬ್ಬು ನಡುಗದೆ.
ನಡುಗಿತೋ, ಮತ್ತೆ ಚಕ್ರಕ್ಕೆ.

ಮೂರು ದಿನ ಕಾಗದ ಅವರಲ್ಲೇ ಉಳಿಯಿತು.
ನಾಲ್ಕನೆಯ ದಿನ ಬಂತು.
ಮೂರನೆಯ ಚೌಕದಲ್ಲಿ ಮುನಾಕಾತಾ,
ತಲೆಕೆಳಗು.
ಮಸಿ ಹರಡಿಲ್ಲ. ಅಂಚು ಚೊಕ್ಕ. ಕೈ ನಡುಗಿಲ್ಲ.

"ಕಣ್ಣು ಮಂದ ಪಾಪ," ಅಂದರು ಕುವಾಬಾರಾ ಸಾನ್,
ನನ್ನ ಕಣ್ಣು ನೋಡದೆ.
"ಹೋಗು, ಸರಿಯಾಗಿ ಒತ್ತಿಸಿಕೊಂಡು ಬಾ."

ಕೆಳಗೆ ಹೋದೆ. ಚಕ್ರ ನಿಲ್ಲಲಿಲ್ಲ.
ಕಾಗದ ಚಾಚಿದರೆ ಅವರು ಚಾಚಿದ್ದು ಚಮಚ, ಇನ್ನೂ ಬಿಸಿ.
ಗುಳಿಯಲ್ಲಿ ನಾನು,
ಕಾಲು ಮೇಲೆ, ಜಡೆ ನೆಟ್ಟಗೆ ಆಕಾಶಕ್ಕೆ,
ಮೇಲೆ ಬೇರೂರಿದ ದೀಪಗಳೆಲ್ಲ ಕೆಳಗೆ.
"ತಪ್ಪಿದೆಯಾ?"
ಮೂಗು ನೋಡಿದೆ. ಹುಬ್ಬು ನೋಡಿದೆ.
"ಇಲ್ಲ."
"ಹಾಗಾದರೆ ಪಾಸು," ಅಂದು
ಇನ್ನೊಂದು ಕೈಗೆತ್ತಿಕೊಂಡರು.

ನಿಯಮಾವಳಿ ಹುಡುಕಿದೆ. ಠಸ್ಸೆ ಕೆಂಪಗಿರತಕ್ಕದ್ದು.
ಓದಲು ಬರತಕ್ಕದ್ದು. ಚೌಕ ಮೀರತಕ್ಕದ್ದಲ್ಲ.
ತಲೆ ಯಾವ ಕಡೆ ಎಂದು ಬರೆದಿಲ್ಲ.
ಮೇಲೆ ಕಳಿಸಿದೆ.
ವಿಭಾಗಾಧಿಕಾರಿ ಬಾಗಿದರು, ನಿರ್ದೇಶಕರು ಬಾಗಿದರು,
ಅಧ್ಯಕ್ಷರು ನೆಟ್ಟಗೆ.
ಏಪ್ರಿಲ್ ಒಂದಕ್ಕೆ ಚಕ್ರ ನಿಂತಿತು.
ಏನೂ ತಪ್ಪಲಿಲ್ಲ.

ಈಗ ಒಪ್ಪಿಗೆಯೆಲ್ಲ ಕಂಪ್ಯೂಟರಿನಲ್ಲಿ.
ಠಸ್ಸೆಗೆ ಕೋನದ ಆಯ್ಕೆಯೂ ಇದೆ, ಡಿಗ್ರಿ ಲೆಕ್ಕದಲ್ಲಿ.
ಒಮ್ಮೆ, ಎಲ್ಲರೂ ಊಟಕ್ಕೆ ಹೋದಾಗ,
ನೂರ ಎಂಬತ್ತು ಎಂದು ಒತ್ತಿದೆ.
ತಾನಾಗಿ ಹದಿನೈದಕ್ಕೆ ಬಂದು ನಿಂತಿತು.

ರಜೆ ಚೀಟಿ ಮಾತ್ರ ಇನ್ನೂ ಕಾಗದ.
ನಿನ್ನೆ ನನ್ನದಕ್ಕೆ ಠಸ್ಸೆ ಒತ್ತಿದೆ.
ನೆಟ್ಟಗೆ. ಅಷ್ಟೇ, ನನ್ನಿಂದಾದದ್ದು.
ಕುವಾಬಾರಾ ಸಾನ್ ಏನೂ ಅನ್ನಲಿಲ್ಲ.
ಕನ್ನಡಕ ಏರಿಸಿ
ಚೀಟಿಯನ್ನೇ ತುಸು ಎಡಕ್ಕೆ ತಿರುಗಿಸಿ,
ನನ್ನ ಹೆಸರು ಬಾಗಿದ ಮೇಲೆ,
ಓದಿದರು.